ಕಂಪ್ಯೂಟರ್ ಒಪ್ಪಿದ ಸೊಂಟ

ಪ್ರಯೋಗಾಲಯಕ್ಕೆ ಹಣ ಕೊಡುವ ಸಮಿತಿಯವರ ಮುಂದೆ ಭಾರ ಎತ್ತಬೇಕಾಗಿದ್ದ ಜಿಮ್ ತರಬೇತುದಾರ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸೀನು ಸೀನಿ ಸೊಂಟ ಹಿಡಿಸಿಕೊಂಡ. ಅಲ್ಲಿಗೆ ಸ್ನಾಯುರಾಯನ ಗ್ರಹಚಾರ ಶುರುವಾಯಿತು.

ಸ್ನಾಯುರಾಯ ಎಂಬುದು ಅಲ್ಲಿನ ಸಂಶೋಧಕನಿಗೆ ಪ್ರಯೋಗಾಲಯದವರು ಇಟ್ಟ ಹೆಸರು. ಮನುಷ್ಯನ ಸ್ನಾಯು ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾದರಿಯನ್ನು ಅವನು ಕಟ್ಟಿದ್ದ. ವರ್ಷಗಟ್ಟಲೆ ಕೂತು ಕಟ್ಟಿದ್ದರಿಂದ ಅವನ ಸ್ವಂತ ಸ್ನಾಯುಗಳು ಹಿಂಡದೆ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದವು.

“ನೀವೇ ಎತ್ತಿಬಿಡಿ,” ಎಂದರು ಮುಖ್ಯಸ್ಥರು. “ಇವತ್ತು ಏನೂ ತೋರಿಸದಿದ್ರೆ ನಿಮ್ಮ ವಿಭಾಗಕ್ಕೆ ಬೀಗ.”

“ಸಾರ್, ಮನೇಲಿ ನಾನು ಒಂದು ಬಿಂದಿಗೆ ನೀರೂ ಎತ್ತಲ್ಲ.”

“ನಿಮ್ಮ ಕಂಪ್ಯೂಟರನ್ನೇ ಕೇಳಿದ್ರಾಯ್ತು,” ಎಂದು ಲೆಕ್ಕಪತ್ರ ವಿಭಾಗದವಳು ಕರೆಯದೇ ಬಂದು ಅವನ ಎತ್ತರ, ತೂಕ, ವಯಸ್ಸು ಒತ್ತಿದಳು. ಪ್ರಯೋಗಕ್ಕೆಂದು ತಂದಿಟ್ಟಿದ್ದ ಕಬ್ಬಿಣದ ಪೆಟ್ಟಿಗೆ ಎತ್ತಿದರೆ ಅಪಾಯವಿಲ್ಲ ಎಂದು ತೆರೆ ಹಸಿರಾಯಿತು.

ಸ್ನಾಯುರಾಯ ಬೆವತ. ಮಾದರಿ ಸುಳ್ಳು ಎಂದರೆ ಕೆಲಸ ಹೋಗುತ್ತದೆ. ನಿಜ ಎಂದರೆ ಎತ್ತಬೇಕು.

ಸಮಿತಿ ಬಂದು ಕೂತಿತು. “ಉಸಿರು ಬಿಗಿ ಹಿಡೀರಿ,” ಎಂದ ಜವಾನ. “ಅಯ್ಯೋ ಬಿಡ್ಬೇಕು ಕಣ್ರೀ,” ಎಂದಳು ಲೆಕ್ಕಪತ್ರದವಳು. ಅರ್ಧ ಹಿಡಿದು ಅರ್ಧ ಬಿಟ್ಟ ಸ್ನಾಯುರಾಯ ಪೆಟ್ಟಿಗೆಯನ್ನು ಮೊಣಕಾಲಿನವರೆಗೆ ತಂದ. ಸೊಂಟ ‘ಚಟಕ್’ ಎಂದಿತು. ಪೆಟ್ಟಿಗೆ ನೆಲಕ್ಕೆ ಬಿತ್ತು. ಅವನು ಮಡಿಚಿದ ಚಾಕುವಿನಂತೆ ನಿಂತ. ತೆರೆಯ ಮೇಲಿನ ಸ್ನಾಯು ಮಾತ್ರ ಹಾಯಾಗಿ ಹಿಗ್ಗಿ ಕುಗ್ಗುತ್ತಿತ್ತು.

ಜವಾನ ಒಂದು ತೋಳು, ಲೆಕ್ಕಪತ್ರದವಳು ಇನ್ನೊಂದು ತೋಳು ಹಿಡಿದು ಜಗ್ಗಿದರು. ನೋವು ಇಬ್ಬರಿಗೂ ಸಮನಾಗಿ ಸಹಕರಿಸಿತು.

“ಹಾಗಾದ್ರೆ ಮಾದರಿ ತಪ್ಪು,” ಎಂದರು ಸಮಿತಿಯ ಅಧ್ಯಕ್ಷೆ.

ಕೆಲಸವೂ ಹೋಯಿತು, ಸೊಂಟವೂ ಹೋಯಿತು ಎಂದು ಸ್ನಾಯುರಾಯ ನೆಲವನ್ನೇ ನೋಡಿದ. ಬೇರೇನೂ ಕಾಣುವಂತಿರಲಿಲ್ಲ.

“ಒಳ್ಳೇದೇ ಆಯ್ತು,” ಅಧ್ಯಕ್ಷೆ ಮುಂದುವರಿಸಿದರು. “ಸರಿಯಾಗಿದ್ದಿದ್ರೆ ಸಂಶೋಧನೆ ಮುಗೀತು ಅಂತ ಮುಚ್ಚಿಸ್ತಿದ್ವಿ. ತಪ್ಪಿದೆ ಅಂದ್ಮೇಲೆ ಇನ್ನೂ ಐದು ವರ್ಷ ಬೇಕೇ ಬೇಕು. ವಾರಕ್ಕೊಂದ್ಸಲ ಇದೇ ಪ್ರಯೋಗ ಆಗ್ಲಿ.”

“ಮೇಡಂ, ತರಬೇತುದಾರ ಹುಷಾರಾದ ಮೇಲೆ...” ಎಂದು ಕೆಳಗಿನಿಂದ ದನಿ ಬಂತು.

“ಬೇಡ. ಸೊಂಟ ಬದಲಾದ್ರೆ ಹೋಲಿಕೆ ಕೆಡುತ್ತೆ. ಇವರದ್ದೇ ಇರ್ಲಿ.”

ಆಗುವುದಿಲ್ಲ ಎನ್ನಲು ಸ್ನಾಯುರಾಯ ತಲೆ ಎತ್ತಹೋದ. ಕತ್ತೂ ಹಿಡಿದುಕೊಂಡಿತು.

“ನೋಡಿ, ತಲೆಬಾಗಿ ಒಪ್ಕೊಂಡ್ರು,” ಎಂದರು ಮುಖ್ಯಸ್ಥರು. ಎಲ್ಲರೂ ಚಪ್ಪಾಳೆ ತಟ್ಟಿದರು.