ಅಗಸಿಯಲ್ಲಿ ಬೆಲ್ಲದ ಸುಂಕ

ಪರದೇಶದಿಂದ ಬರುವ ಕಬ್ಬಿಣ, ಸಿಮೆಂಟಿಗೆ ಹೊಗೆಯ ಲೆಕ್ಕದಲ್ಲಿ ಸುಂಕ ಹಾಕುವ ವಿದ್ಯೆಯನ್ನು ಯುರೋಪಿನವರು ಎಲ್ಲಿ ಕಲಿತರು ಎಂದುಕೊಂಡಿರಿ? ನಮ್ಮ ಕಾಕಾನ ಹತ್ತಿರ! ಹಾಗೆಂದು ಹೇಳುವವನು ಕಾಕಾ ಒಬ್ಬನೇ. ಆದರೆ ಕಾಕಾ ಹೇಳಿದ ಮೇಲೆ ಇನ್ನೊಬ್ಬರ ಸಾಕ್ಷಿ ಕೇಳುವ ರೂಢಿ ನಮ್ಮ ಮನೆತನದಲ್ಲಿಲ್ಲ.

ಬೈಲಹೊಂಗಲ ತಾಲ್ಲೂಕು ಮುಗಿದು ಸವದತ್ತಿ ತಾಲ್ಲೂಕು ಶುರುವಾಗುವ ಹಳ್ಳದ ದಂಡೆಯಲ್ಲಿ ನಮ್ಮೂರು. ಅಲ್ಲೊಂದು ಗಾಣ. ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡಲು ಅಲ್ಲಿ ಹಳೆಯ ಟಾಯರು ಸುಡುತ್ತಿದ್ದರು. ಕಾಕಾನ ಹೆಂಡತಿ, ನಮ್ಮ ಕಾಕುವಿಗೋ ದಮ್ಮು. ಹೊಗೆ ಬಂತೆಂದರೆ ಪಾಪ, ಕಾಕಾನನ್ನು ಬೈಯುವುದನ್ನೂ ಅರ್ಧಕ್ಕೇ ಬಿಟ್ಟು ಗೋಡೆ ಹಿಡಿದು ಕೂಡುತ್ತಿದ್ದಳು. ಕಾಕಾ ಹಿರಿಯರನ್ನೆಲ್ಲ ಕೂಡಿಸಿ, "ನಮ್ಮ ಊರ ಹದ್ದಿನಾಗ ಟಾಯರ್ ಸುಡಂಗಿಲ್ಲ" ಎಂದು ಠರಾವು ಮಾಡಿಸಿಯೇ ಬಿಟ್ಟ. ಮನೆಮನೆಗೂ ಫೇಡೆ ಹಂಚಿದ.

ಫೇಡೆಯ ಸಿಹಿ ಬಾಯಲ್ಲಿರುವಾಗಲೇ ಗಾಣ ಹಳ್ಳ ದಾಟಿತು! ಕಡಾಯಿ, ಚಿಮಣಿ, ಟಾಯರು ಸಮೇತ ಆಚೆ ದಂಡೆಯಲ್ಲಿ ಹೋಗಿ ಕೂತಿತು. ಅದು ಬೇರೆ ಊರು, ಅಲ್ಲಿ ಠರಾವಿಲ್ಲ. ಗಾಳಿ ಬೀಸುವುದೂ ಆ ಕಡೆಯಿಂದಲೇ, ಹಾಗಾಗಿ ಹೊಗೆ ಈಗ ಕಾಕುವಿನ ಅಡುಗೆಮನೆಯ ಕಿಟಕಿಗೆ ನೆಟ್ಟಗೆ ಬರತೊಡಗಿತು. ನಮ್ಮೂರ ಕಬ್ಬು ಅಲ್ಲಿಗೆ ಹೋಗಿ, ಬೆಲ್ಲವಾಗಿ ನಮ್ಮೂರಿಗೇ ಮರಳುತ್ತಿತ್ತು.

"ನಿಮ್ಮ ಊರಾಗ ಸುಡಬ್ಯಾಡ ಅಂದ್ರಿ, ಬಿಟ್ಟೇನಲ್ರೀ!" ಎಂದ ಗಾಣದ ಮಾಲೀಕ, ಬಲು ಸಭ್ಯವಾಗಿ.

ಕಾಕಾ ನನಗೆ ಫೋನು ಮಾಡಿ ಗೋಳಾಡಿದ. ಒಂದು ದೇಶ ಕಾಯ್ದೆ ಬಿಗಿ ಮಾಡಿದರೆ ಕಾರ್ಖಾನೆ ಸಡಿಲು ಕಾಯ್ದೆಯ ದೇಶಕ್ಕೆ ಓಡುತ್ತದೆ, ಹೊಗೆ ಮಾತ್ರ ಅಷ್ಟೇ ಉಳಿಯುತ್ತದೆ, ಇದಕ್ಕೆ ಇಂಗಾಲದ ಸೋರಿಕೆ ಎನ್ನುತ್ತಾರೆ, ಅದನ್ನು ತಡೆಯಲೆಂದೇ ಗಡಿಯಲ್ಲಿ ಸುಂಕ ಎಂದೆಲ್ಲ ವಿವರಿಸಿದೆ. ವಿವರಿಸಬಾರದಿತ್ತು! ಬೆಳಗಾಗುವುದರೊಳಗೆ ಆ ವಿದ್ಯೆ ಕಾಕಾನದೇ ಆಗಿಹೋಯಿತು.

ಊರ ಹೆಬ್ಬಾಗಿಲು ಅನ್ನಿಸಿಕೊಂಡ ಅಗಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಊರೊಳಗೆ ಬರುವ ಬೆಲ್ಲದ ಪೆಂಟೆಗಳನ್ನೆಲ್ಲ ಮೂಗಿಗೆ ಹಿಡಿಯುವುದು, ಕಣ್ಣು ಮುಚ್ಚುವುದು, ತೀರ್ಪು ಕೊಡುವುದು.

"ಟಾಯರ್! ನಡೀರಿ ನಮ್ಮ ಮನಿಗೆ!"

ಸುಂಕವೇನು ಗೊತ್ತೇ? ಕಾಕುವಿನ ಕಿಟಕಿಯ ಪಕ್ಕ ಕೂತು ಒಂದು ಕಪ್ ಚಹಾ ಕುಡಿಯಬೇಕು, ಅಷ್ಟೇ! ಬೆಲ್ಲ ಹಿಡಿದು ಬಂದ ಚಚಡಿ ಊರಿನ ಬೀಗರು ನಗುತ್ತ ಕೂತವರು ಕೆಮ್ಮುತ್ತ ಎದ್ದರು. ಕಾಕುವಿಗಂತೂ ಸಾಕುಸಾಕಾಯಿತು.

"ಹೊಗಿಗಿಂತ ಇವರ ಚಹಾದ ಕಾಟಕ್ಕ ನನ್ನ ದಮ್ಮು ಹೆಚ್ಚಾಗೇತಿ ನೋಡ್ರಿ!"

ಹೀಗಿರುವಾಗ ಒಂದು ದಿನ, ನಮ್ಮೂರಲ್ಲೇ ಇರುವ ತನ್ನ ತಂಗಿಯ ಮನೆಗೆಂದು ಬೆಲ್ಲ ಹೊತ್ತು ಸಾಕ್ಷಾತ್ ಗಾಣದ ಮಾಲೀಕನೇ ಬಂದ. ಕಾಕಾ ಬಿಡುತ್ತಾನೆಯೇ? ಕಿಟಕಿಯ ಪಕ್ಕ ಕೂಡಿಸಿದ. ಮೊದಲ ಗುಟುಕಿಗೇ ಅವನಿಗೆ ಕೆಮ್ಮು ಬಂತು. ಕಾಕು ಏದುಸಿರು ಬಿಡುತ್ತಲೇ ನೀರಿನ ತಂಬಿಗೆ ತಂದಿಟ್ಟಳು.

"ಸಾವಕಾಶ ಕುಡೀರಿ ಅಣ್ಣಾರ. ಮೊದಲಿಗೆ ಹಂಗ ಆಗತೈತಿ. ಆಮ್ಯಾಲೆ ರೂಢಿ ಆಗತೈತಿ."

ಅವನು ಕಪ್ ಕೆಳಗಿಟ್ಟ. ಉಳಿದ ಚಹಾ ಕುಡಿಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಆ ವಾರದಿಂದ ಗಾಣದಲ್ಲಿ ಒಣಗಿದ ಕಬ್ಬಿನ ಸಿಪ್ಪೆಯನ್ನಷ್ಟೇ ಉರಿಸುತ್ತಿದ್ದಾರೆ. ಗಾಣ ಇನ್ನೂ ಹಳ್ಳದ ಆಚೆಯೇ ಇದೆ, ಇರಲಿ ಬಿಡಿ.

ಕಾಕಾ ಮಾತ್ರ ಈಗಲೂ ಅಗಸಿ ಬಿಟ್ಟು ಏಳುವುದಿಲ್ಲ. ಮೊನ್ನೆ ಹೋದಾಗ ಅಲ್ಲಿಂದ ಅವನನ್ನು ಎಬ್ಬಿಸಿಕೊಂಡು ಮನೆಗೆ ಬಂದೆ. ಕಟ್ಟೆಯ ಮೇಲೆ ಕೂತು ಕೇಳಿದೆ.

"ಅಲ್ಲ ಕಾಕಾ, ಬರೇ ವಾಸನಿ ಮ್ಯಾಲೆ ಹೆಂಗ ಗೊತ್ತಾಗತಿತ್ತು?"

ಅತ್ತಿತ್ತ ನೋಡಿ ದನಿ ಇಳಿಸಿದ.

"ಯಾರ ಮುಂದೂ ಹೇಳಬ್ಯಾಡ ತಮ್ಮಾ. ನನ್ನ ಮೂಗಿಗೆ ವಾಸನಿ ಹತ್ತೋದು ಯಾವಾಗೋ ನಿಂತೈತಿ. ಮುಂಜಾನೆ ನಿಮ್ಮ ಕಾಕು ಉಸಿರಾಡೋದು ಕೇಳಿ ಹೋಗತಿದ್ದೆ. ಎದ್ಯಾಗ ಸುಂಯ್ ಅಂತಂದ್ರ ಅವತ್ತು ಟಾಯರ್."

ಅಷ್ಟರಲ್ಲಿ ಒಳಗಿನಿಂದ ಕಾಕು ಶುರುಮಾಡಿದಳು. "ಮುಂಜಾನಿಂದ ಅಗಸ್ಯಾಗ ಕುಂತ್ರ ಹಿಟ್ಟು ಯಾರು ಬೀಸಿಸಿಕೊಂಡು ಬರಬೇಕು, ಎಮ್ಮಿಗೆ ನೀರು ಯಾರು ಕುಡಿಸಬೇಕು, ಹರಿದ ಛತ್ರಿ ಹಂಗ ಬಿದ್ದೈತಿ, ನಿಮಗ ಅದರ ಖಬರ್ ಐತೇನು..." ಎಲ್ಲಿಯೂ ನಿಲ್ಲಲಿಲ್ಲ, ಒಮ್ಮೆಯೂ ಕೆಮ್ಮಲಿಲ್ಲ.

ಉತ್ತರ ಕೊಡಲು ನಾನು ಬಾಯಿ ತೆರೆದೆ. ಕಾಕಾ ನನ್ನ ಕೈ ಹಿಡಿದು ತಡೆದ. ಅವನ ಕಣ್ಣು ತುಂಬಿತ್ತು.

"ಸುಮ್ಮನಿರೋ," ಎಂದ. "ಪೂರ್ತಿ ಬೈಲಿ."