ಕೆಂಚ ಸೋಲಲಿ ಎಂದು ಬೇಡಿಕೊಂಡದ್ದು

ಕಡುಬಿಗೆಂದು ಒಡೆಸಿ ತಂದ ಅಕ್ಕಿತರಿಯನ್ನು ಜರಡಿ ಹಿಡಿಯುತ್ತಾ ಕೂತಿದ್ದಾಗ ನಮ್ಮ ಮನೆಗೆ ಕುದುರೆ ಬಂದ ಸುದ್ದಿ ಬಂತು. ಜರಡಿ ಹಿಡಿಯುವಾಗ ಬಾಯಿ ಬಿಡಬಾರದು, ಹಿಟ್ಟು ಹೋಗುತ್ತದೆ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಹದಿನೆಂಟು ವರ್ಷ ಆ ಮಾತು ಮೀರಿರಲಿಲ್ಲ. ಆವತ್ತು ನಮ್ಮ ತೋಟದ ರೈಟರ್ ಲೋಕಪ್ಪ ಹಿತ್ತಲಲ್ಲಿ ನಿಂತು, "ಅಮ್ಮಾರೇ, ಲಾರಿಯಿಂದ ಕುದ್ರೆ ಇಳಿಸ್ತಾವ್ರೆ" ಎಂದ. "ಯಾರ ಮನೇಗಪ್ಪ?" ಎಂದೆ. "ನಮ್ಮನೇಗೇ ಕಣ್ರಮ್ಮ. ಅರ್ಧ ನಮ್ದಂತೆ" ಎಂದ. ಬಾಯಿ ತಾನಾಗಿಯೇ ತೆರೆದುಕೊಂಡಿತು, ಹಿಟ್ಟು ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನಮ್ಮ ಯಜಮಾನರು, "ನೋಡೋ ಚಂದ್ರ, ಅವಳಿಗೆ ಸಂತೋಷ ತಡೆಯೋಕಾಗ್ತಿಲ್ಲ" ಎಂದು ಗೆಳೆಯನಿಗೆ ಹೇಳಿದರು.

ಕಾಫಿಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂದ ತೊಂಬತ್ತರ ದಶಕದ ದಿನಗಳು ಅವು. ಹಾನುಬಾಳಿನ ಸುತ್ತಮುತ್ತ ಗಂಡಸರಿಗೆಲ್ಲ ಏನೋ ಒಂದು ಮೈಮೇಲೆ ಬಂದಿತ್ತು. ವನಗೂರಿನ ನನ್ನ ತಮ್ಮ ಹೊಸ ಜೀಪು ತಂದ. ಅದು ಹತ್ತುವ ರಸ್ತೆ ಅವನ ತೋಟಕ್ಕೆ ಇರಲಿಲ್ಲ. ಪಕ್ಕದ ತೋಟದವರು ಸೂರಿನ ಮೇಲೆ ದೋಸೆಕಲ್ಲಿನ ನೂರರಷ್ಟು ದೊಡ್ಡ ಆಂಟೆನಾ ಹಾಕಿಸಿದರು. ನಮ್ಮ ಯಜಮಾನರೂ ಅವರ ಬಾಲ್ಯದ ಗೆಳೆಯ ಚಂದ್ರಣ್ಣನೂ ಸೇರಿ, ಮೈಸೂರಿನಲ್ಲಿ ಓಡಿ ದಣಿದು ನಿವೃತ್ತಿಯಾಗಿದ್ದ ಒಂದು ರೇಸು ಕುದುರೆಯನ್ನು ಪಾಲಿನಲ್ಲಿ ತಂದರು. ಸದ್ಯ, ಆನೆ ತರಲಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ನಮ್ಮ ಕಡೆ ಆನೆಯನ್ನು ಯಾರೂ ತರಬೇಕಾಗಿಲ್ಲ, ಅವು ತಾವಾಗಿಯೇ ಬರುತ್ತವೆ ಎನ್ನುವುದು ಬೇರೆ ಮಾತು.

ನಮ್ಮತ್ತೆ ಕೋಲೂರಿಕೊಂಡು ಕುದುರೆಗೆ ಒಂದು ಪ್ರದಕ್ಷಿಣೆ ಹಾಕಿದರು. "ಹಾಲು ಕರೆಯಾಕಿಲ್ಲ, ಉಳಾಕಿಲ್ಲ. ಯಾವ ಕರ್ಮಕ್ಕೆ ಕಟ್ಟಿದ್ದು ಮಾರಾಯ?" ಎಂದು ಮಗನನ್ನು ಕೇಳಿದರು. "ಓಡ್ತೈತೆ ಕಣವ್ವ" ಎಂದರು ಇವರು. "ಓಡಿ?" ಎಂದರು ಅತ್ತೆ. ಇವರು ಚಂದ್ರಣ್ಣನ ಮುಖ ನೋಡಿದರು, ಚಂದ್ರಣ್ಣ ಕುದುರೆಯ ಮುಖ ನೋಡಿದ.

ಮೈ ಕೆಂಪಗಿದ್ದುದರಿಂದ ಅದಕ್ಕೆ ಕೆಂಚ ಎಂದು ಹೆಸರಾಯಿತು. ಪಾಲು ಅರ್ಧರ್ಧವಾದರೂ ವಾಸ ಪೂರ್ತಿ ನಮ್ಮಲ್ಲೇ, ಅದೂ ಅಡುಗೆಮನೆಯ ಹಿಂದಿನ ನನ್ನ ಸೌದೆ ಕೊಟ್ಟಿಗೆಯಲ್ಲಿ. ಹೊರಗೆ ಬಿದ್ದ ಸೌದೆ ಮಂಜಿನಲ್ಲಿ ನೆನೆದು ಒಲೆ ಹೊಗೆಯಾಡಿದರೆ ನಾನು ಸಹಿಸಿಕೊಂಡೇನು. ಆದರೆ ಕೆಂಚನಿಗೆ ದಾಸವಾಳ ಎಂದರೆ ಪ್ರಾಣ. ಬೇಲಿಯ ಮೇಲಿನ ದಾಸವಾಳವನ್ನು ಬೆಳಗಾಗುವ ಮೊದಲೇ ಕತ್ತು ಚಾಚಿ ಮೇಯ್ದು ಮುಗಿಸುತ್ತಿದ್ದ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಹೂವಿಲ್ಲದೆ ದೇವರ ಮುಂದೆ ನಿಂತವಳಲ್ಲ ನಾನು. ಈಗ ಅಕ್ಷತೆ ಹಾಕಿ, "ಪುಷ್ಪಾರ್ಥೇ ಅಕ್ಷತಾನ್" ಎಂದು ಕೈ ಮುಗಿಯುವ ಗತಿ ಬಂತು. ಕೊನೆಗೆ ನಾನೂ ಕೆಂಚನೂ ಒಂದು ಒಪ್ಪಂದಕ್ಕೆ ಬಂದೆವು. ಪೂಜೆ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು "ಬಾ ಬಾ ಬಾ" ಎಂದು ಕರೆದು ಬಾಳೆಹಣ್ಣು, ಕಾಯಿಚೂರು ಕೊಡುವುದು. ಅವನು ನಾಲ್ಕಾದರೂ ದಾಸವಾಳ ಉಳಿಸುವುದು. ನಾನು ಒಪ್ಪಂದಕ್ಕೆ ಬದ್ಧಳಾಗಿದ್ದೆ. ಅವನು ಹಣ್ಣನ್ನೂ ತಿಂದ, ಹೂವನ್ನೂ ತಿಂದ.

ಸಂಕ್ರಾಂತಿ ಕಳೆದ ಮೇಲೆ ಆಲೂರು ಕಡೆ, ಕೆ. ಹೊಸಕೋಟೆ ಹತ್ತಿರದ ಒಂದು ಗದ್ದೆ ಬಯಲಲ್ಲಿ ಕುದುರೆ ಓಟ ಇಟ್ಟಿದ್ದಾರೆ ಎಂದು ಗೊತ್ತಾದ ದಿನ ಮಾಲೀಕರಿಬ್ಬರಿಗೂ ಊಟ ಸೇರಲಿಲ್ಲ. ಸವಾರ ಹಗುರವಾಗಿರಬೇಕಂತೆ. ಕಾಫಿ ಹಣ್ಣು ತೂಗುವ ತಕ್ಕಡಿಯ ಮೇಲೆ ತೋಟದವರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ ತೂಗಿದರು. ತೂಕ ಬರೆದುಕೊಳ್ಳಲು ಕೂತ ಲೋಕಪ್ಪನೇ ಎಲ್ಲರಿಗಿಂತ ಹಗುರ ಎಂದು ಕೊನೆಗೆ ತಿಳಿಯಿತು. ಅಭ್ಯಾಸಬಲದಿಂದ ಇವರು ಗೋಣಿಚೀಲದ್ದು ಅಂತ ಒಂದು ಕೆ.ಜಿ. ಬೇರೆ ಕಳೆದರು. "ಅಣ್ಣಾರೇ, ನಾನು ಲೆಕ್ಕ ಬರೆಯೋನು, ಕುದ್ರೆ ಮೇಲೆ ಕೂತವನಲ್ಲ" ಎಂದು ಅವನು ಅಲವತ್ತುಕೊಂಡ. "ನೀನೇನು ಓಡ್ಬೇಕಾ? ಅದು ಓಡ್ತೈತೆ, ನೀನು ಬೀಳ್ದಂಗೆ ಕೂತ್ಕೊ ಅಷ್ಟೇ" ಎಂದ ಚಂದ್ರಣ್ಣ.

ಅದೇ ವಾರ ನಾನು ಧೈರ್ಯ ಮಾಡಿ, "ರೀ, ಇದು ಗೆಲ್ಲದಿದ್ರೆ?" ಎಂದು ಕೇಳಿದೆ. "ಸೋತರೆ ಕೊಟ್ಟುಬಿಡ್ತೀನಿ ಕಣೇ, ಅಮ್ಮನಾಣೆ. ಗೆದ್ರೆ ಮಾತ್ರ ಇನ್ನೊಂದು ತರ್ತೀವಿ, ಜೋಡಿ ಇರಲಿ" ಎಂದರು. ಇನ್ನೊಂದು ಕುದುರೆ! ಕೊಟ್ಟಿಗೆ ಒಂದೇ ಇತ್ತು, ಬೇಲಿಯೂ ಒಂದೇ ಇತ್ತು. ಶುಕ್ರವಾರ ಊರಮ್ಮನ ಗುಡಿಗೆ ಹೋಗಿ, "ತಾಯೀ, ಕೆಂಚ ಸೋಲಲಿ. ಬರಿಗಾಲಲ್ಲಿ ನಡೆದು ಬಂದು ಹಣ್ಣುಕಾಯಿ ಮಾಡಿಸ್ತೀನಿ" ಎಂದು ಹರಕೆ ಹೊತ್ತು ಹೂವಿನ ಪ್ರಸಾದ ಕೇಳಿದೆ. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಆಯಿತೆಂದು ಅರ್ಥ. ಬಿತ್ತು, ಬಲಗಡೆಯೇ ಬಿತ್ತು. ನಾನು ಕೆನ್ನೆ ಬಡಿದುಕೊಳ್ಳುತ್ತಿರುವಾಗ ಪೂಜಾರಪ್ಪ, "ಬೆಳಿಗ್ಗೆ ನಿಮ್ಮ ಗೌಡ್ರೂ ಬಂದಿದ್ರು ಕಣಮ್ಮ. ಕುದ್ರೆ ಮುಂದಿರಲಿ ಅಂತ ಕೇಳಿದ್ರು. ಅವರಿಗೂ ಬಲಗಡೇನೇ ಆಯ್ತು. ನಿಮ್ಮನೆ ಅದೃಷ್ಟ" ಎಂದರು. ಅಮ್ಮನ ಮೇಲೆ ನನಗೆ ಭಕ್ತಿ ಕಡಿಮೆಯಾಗಲಿಲ್ಲ, ಆದರೆ ದೊಡ್ಡ ಸಂಸಾರದ ಅತ್ತೆಯಂತೆ ಇವಳೂ ಎಲ್ಲರಿಗೂ ಹ್ಞೂಂ ಎಂದುಬಿಡುತ್ತಾಳೋ ಏನೋ ಎಂಬ ಅನುಮಾನ ಬಂದದ್ದು ಸುಳ್ಳಲ್ಲ.

ಓಟದ ದಿನ ಬಯಲಿನ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದ್ದರು, ಸುಣ್ಣದ ಗೆರೆ ಎಳೆದಿದ್ದರು. ಭತ್ತದ ಕೂಳೆ ಇನ್ನೂ ಅಲ್ಲಲ್ಲಿ ನಿಂತೇ ಇತ್ತು. ಎರಡು ಸುತ್ತು ಓಡಬೇಕು. ಆರು ಕುದುರೆಗಳಿದ್ದವು, ಅವುಗಳಲ್ಲಿ ಒಂದು ಹಾಸನದ ಜಟಕಾ ಕುದುರೆ, ಮಧ್ಯೆ ಮಧ್ಯೆ ಸವಾರಿ ಹತ್ತಲೆಂದು ನಿಲ್ಲುವ ಅಭ್ಯಾಸದ್ದು. ಮೈಕು ಹಿಡಿದವರು ಅಲ್ಲಿನ ಶಾಲೆಯ ಡ್ರಿಲ್ ಮೇಷ್ಟ್ರು. ನಮ್ಮ ಮಾಲೀಕರು ಹೊಸ ಟೋಪಿ ಹಾಕಿಕೊಂಡು ಗೆಲ್ಲುವ ಗೆರೆಯ ಹತ್ತಿರ ನಿಂತರು. ನಾನು ಬಿಸಿಲು ತಡೆಯಲಾರದೆ ಬಯಲಿನ ಆಚೆ ತುದಿಯ ತಿರುವಿನಲ್ಲಿ, ಹೊನ್ನೆಮರದ ನೆರಳಿಗೆ ಹೋದೆ. ಸದ್ಯ, ಮರ ಇತ್ತು.

ಓಟ ಶುರುವಾಯಿತು. ಮೊದಲ ಸುತ್ತಿನಲ್ಲಿ ಕೆಂಚ ನಾಲ್ಕನೆಯವನು. ನನಗೆ ಅಮ್ಮನ ಮೇಲೆ ಅಪಾರ ನಂಬಿಕೆ ಮೂಡಿತು. ಚಂದ್ರಣ್ಣನಿಗೆ ತನ್ನ ಕುದುರೆ ಓಡುವುದನ್ನು ನೋಡುವ ಗುಂಡಿಗೆ ಇಲ್ಲವಂತೆ, ಓಟಕ್ಕೆ ಬೆನ್ನು ಹಾಕಿ ನಿಂತು, "ಈಗ ಎಲ್ಲೈತೆ? ಈಗ ಎಲ್ಲೈತೆ?" ಎಂದು ಇವರ ಅಂಗಿ ಹಿಡಿದು ಜಗ್ಗುತ್ತಿದ್ದದ್ದು ನನಗೆ ಅಲ್ಲಿಂದಲೂ ಕಾಣುತ್ತಿತ್ತು. ಎರಡನೆಯ ಸುತ್ತಿಗೆ ಕೆಂಚನಿಗೆ ಮೈಸೂರು ನೆನಪಾಗಿರಬೇಕು. ಕತ್ತು ಚಾಚಿದ. ಜಟಕಾ ಹಿಂದೆ ಬಿತ್ತು, ಇನ್ನೆರಡು ಹಿಂದೆ ಬಿದ್ದವು, ಕೆಂಚ ಎಲ್ಲರಿಗಿಂತ ಮುಂದೆ ಬಂದ. ಲೋಕಪ್ಪ ಕಣ್ಣು ಮುಚ್ಚಿ ಅವನ ಕತ್ತು ತಬ್ಬಿಕೊಂಡಿದ್ದ.

ಆಗ ನನಗೆ ಏನಾಯಿತೋ ಆ ತಾಯಿಯೇ ಹೇಳಬೇಕು. ನಾಲ್ಕು ತಿಂಗಳು ನನ್ನ ಸೌದೆ ನೆನೆಸಿದವನು, ನನ್ನ ದೇವರನ್ನು ಬೋಳು ಮಾಡಿದವನು, ಬಿಸಿಲಲ್ಲಿ ಹೊಳೆಯುತ್ತಾ ಎಲ್ಲರಿಗಿಂತ ಮುಂದೆ ಬರುತ್ತಿದ್ದಾನೆ. ಇವನಿಗೆ ಹಣ್ಣು ತಿನ್ನಿಸಿದ ಕೈ ನನ್ನದು ಎಂದು ಎದೆ ಉಬ್ಬಿತು. ಹರಕೆ ಎಲ್ಲಿ ಹೋಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗದ ಹತ್ತಿರ ಓಡಿದೆ. ಸುತ್ತಲಿನವರೆಲ್ಲ "ಓಡು, ಓಡು" ಎನ್ನುತ್ತಿದ್ದರು. ಕುದುರೆಗೆ ಓಡು ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ನನಗೆ ಬರುತ್ತಿದ್ದದ್ದು ಒಂದೇ. "ಕೆಂಚಾ, ಬಾ ಬಾ ಬಾ!" ಎಂದು ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

ಕೆಂಚ ಬಂದ. ತಿರುವಿನಲ್ಲಿ ತಿರುಗದೆ, ಹಗ್ಗ ಹಾರಿ, ಬದು ಹತ್ತಿ, ಸೀದಾ ನನ್ನ ಹತ್ತಿರ ಬಂದು ನಿಂತು ಕೈಚೀಲಕ್ಕೆ ಮೂತಿ ಹಾಕಿದ. ಲೋಕಪ್ಪ ಒಂದು ಕಣ್ಣು ತೆರೆದು ನನ್ನನ್ನು ನೋಡಿ, "ಅಮ್ಮಾರೇ, ನಿಮ್ಮ ದಮ್ಮಯ್ಯ, ಏನಾರ ಕೊಟ್ಟು ಕಳಿಸ್ಬುಡಿ ಅತ್ಲಾಗೆ!" ಎಂದ. ಚೀಲದಲ್ಲಿ ಅಮ್ಮನ ಪ್ರಸಾದದ ಎರಡು ಬಾಳೆಹಣ್ಣಿದ್ದವು. ಕೊಟ್ಟೆ. ಅವನು ಅವಸರವಿಲ್ಲದೆ ತಿಂದ. ಅಷ್ಟರಲ್ಲಿ ಜಟಕಾ ಕುದುರೆಯೂ ಗೆರೆ ದಾಟಿತು. "ಕೆಂಚ ಅವರು ಊಟಕ್ಕೆ ಹೋಗಿದ್ದಾರೆ" ಎಂದು ಡ್ರಿಲ್ ಮೇಷ್ಟ್ರು ಮೈಕಿನಲ್ಲಿ ಸಾರಿದರು. ಬಯಲಿಗೆ ಬಯಲೇ ನಕ್ಕಿತು. ದೂರದಲ್ಲಿ ಚಂದ್ರಣ್ಣ ಬೆನ್ನು ಹಾಕಿಯೇ, "ಈಗ ಎಲ್ಲೈತೆ?" ಎಂದು ಕೇಳಿದನಂತೆ. ಇವರು, "ನಮ್ಮನೆಯವಳ ಹತ್ರ ಐತೆ" ಎಂದರಂತೆ.

ಹರಕೆಯಂತೂ ತೀರಿಸಬೇಕಾಯಿತು. ಮುಂದಿನ ಶುಕ್ರವಾರ ಬರಿಗಾಲಲ್ಲಿ ಗುಡಿಗೆ ನಡೆದು ಹೋದೆ, ಹಿಮ್ಮಡಿಗೆ ಮುಳ್ಳು ಹೊಡೆಸಿಕೊಂಡೆ. ಅಮ್ಮನ ಮೇಲೆ ದೂರು ಹೇಳುವಂತೆಯೂ ಇರಲಿಲ್ಲ. ಮುಕ್ಕಾಲು ಓಟದ ಹೊತ್ತಿಗೆ ಕೆಂಚನನ್ನು ಮುಂದಿಟ್ಟು ಇವರ ಹೂವನ್ನೂ ಉಳಿಸಿದ್ದಳು, ಉಳಿದ ಕಾಲು ಓಟದಲ್ಲಿ ನನ್ನದನ್ನೂ ಉಳಿಸಿದ್ದಳು. ಮಾತು ಉಳಿಸಿಕೊಳ್ಳದೆ ಹೋದವರು ನಮ್ಮ ಯಜಮಾನರು.

ಓಟದ ಸಂಜೆ ಜೀಪಿನಲ್ಲಿ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಯಾರೂ ಬೈಯಲಿಲ್ಲ, ಅದೇ ನನಗೆ ದಿಗಿಲಾಯಿತು. ಮನೆಗೆ ಬಂದವಳೇ ಬೆಳಿಗ್ಗೆ ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ಎಳೆದುಕೊಂಡು ಹಿತುಕಲು ಕೂತೆ. ಕೂತಲ್ಲಿಂದಲೇ, "ಹಾಗಾದ್ರೆ ಯಾವಾಗ ಕೊಡ್ತೀರಿ?" ಎಂದು ಮೆಲ್ಲಗೆ ಕೇಳಿದೆ.

"ಯಾತಕ್ಕೆ ಕೊಡೋದು? ಸೋತರೆ ಕೊಡ್ತೀನಿ ಅಂದಿದ್ದೆ. ಅದು ಸೋಲಲಿಲ್ಲ, ಎದ್ದು ಬಂತು" ಎಂದರು ಇವರು.

"ಹೌದು ಅತ್ತಿಗೆ, ತಪ್ಪು ಕುದ್ರೇದಲ್ಲ. ನೀವು ನಿಂತಿದ್ದ ಜಾಗದ್ದು" ಎಂದ ಚಂದ್ರಣ್ಣ. ನನ್ನ ಪಾತ್ರೆಗೇ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ನೆಲದ ಮೇಲೆ ದುಂಡಗೆ ಜೋಡಿಸಿದ. ಇದು ಬಯಲು, ಇದು ತಿರುವು, ಇದು ಗೆಲ್ಲುವ ಗೆರೆ. ಇಬ್ಬರೂ ಮಂಡಿಯೂರಿ ಕೂತರು. ನಮ್ಮ ಯಜಮಾನರು ದಪ್ಪನೆಯ ಒಂದು ಕಾಳನ್ನು ಆರಿಸಿ ಗೆರೆಯ ಆಚೆ ಇಟ್ಟು, "ಇದು ನೀನು ಕಣೇ. ಬರೋ ವರ್ಷ ಇಲ್ಲಿ ನಿಂತ್ಕೊಂಡು ಕೂಗು. ಆಮೇಲೆ ನೋಡು ನಮ್ಮ ಕೆಂಚನ್ನ ಯಾವನು ಹಿಡಿತಾನೆ" ಎಂದರು.

ಬರುವ ವರ್ಷ! ಬಯಲಿನ ಕಾಳನ್ನೆಲ್ಲ ಬಳಿದುಕೊಂಡೆ, ಕೊನೆಗೆ ಗೆರೆಯ ಆಚೆ ನಿಂತಿದ್ದ ನನ್ನನ್ನೂ ಎತ್ತಿಕೊಂಡು ಹಿತುಕಿ ಪಾತ್ರೆಗೆ ಹಾಕಿದೆ. ಸದ್ಯ, ಹುಳುಕಿರಲಿಲ್ಲ.