ಕೆಟ್ಟಿದ್ದು ಫ್ರಿಜ್ ಅಲ್ಲ

ನಮ್ಮ ಮಾಮಾ ದೊಡ್ಡ ದೊಡ್ಡ ಕಂಪನಿಗಳಿಗೆ ಸಿಂಹಸ್ವಪ್ನ. ಈ ಸಂಗತಿ ಆ ಕಂಪನಿಗಳಿಗೆ ಮಾತ್ರ ಇನ್ನೂ ಗೊತ್ತಿಲ್ಲ!

ಚಿಕ್ಕೋಡಿ ಕೋರ್ಟಿನೆದುರು ಜನ್ಮವಿಡೀ ಅರ್ಜಿ ಟೈಪ್ ಮಾಡಿದವರು. ಒಂದಕ್ಷರ ತಪ್ಪಿದರೆ ಕಕ್ಷಿದಾರನ ಹೊಲವೇ ಹೋದೀತು ಎಂದು ನಂಬಿ ಬದುಕಿದವರು. ಅಂಥವರ ಕೈಗೆ ಮಗಳು ಸ್ಮಾರ್ಟ್‌ಫೋನ್ ಕೊಟ್ಟರೆ ಏನಾಗಬೇಕು? ಊರವರೆಲ್ಲ ಅದರಲ್ಲಿ ಹಾಡು ಕೇಳಿದರೆ, ಇವರು ಕಂಪನಿಗಳ ವೆಬ್‌ಸೈಟಿನ ಕನ್ನಡ ಓದತೊಡಗಿದರು. ತಪ್ಪು ಕನ್ನಡ ಬರೆದ ಕಂಪನಿಯ ಸಾಮಾನು ಮನೆಗೆ ಬರುವಂತಿಲ್ಲ. ಹೀಗಾಗಿ ಮಾಮಿಗೆ ಮಿಕ್ಸರ್ ಬರಲಿಲ್ಲ, ಒರಳೇ ಗತಿಯಾಯಿತು.

ಒಂದು ಸಲ ಮಾಮಿ ಫ್ರಿಜ್ ಕೇಳಿದರು. ಮಾಮಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "'ಈ ಫ್ರಿಜ್ ನಿಮ್ಮ ತರಕಾರಿ ತಾಜಾ ಇಡುತ್ತಾಳೆ.' ಇಡತಾಳಂತ! ಯಾರ ಮಗಳ ಇಕಿ?"

"ಯಾರ ಮಗಳರ ಇರ್ಲಿ, ಮನಿಗೆ ಕರಕೊಂಡ ಬರ್ರಿ," ಎಂದರು ಮಾಮಿ.

ಮಾಮಾ ಕರೆತರಲಿಲ್ಲ, ಕಂಪನಿಗೆ ದೂರು ಬರೆದರು. ಕೋರ್ಟಿನ ಅಭ್ಯಾಸ ಬಿಡುವುದುಂಟೆ? "ಸದರಿ ಫ್ರಿಜ್ಜಿನ ಸದರಿ ದೋಷವನ್ನು ಕೂಡಲೇ ಸರಿಪಡಿಸಬೇಕಾಗಿ ವಿನಂತಿ." ಕೆಲವೇ ದಿನಗಳಲ್ಲಿ ನಿಪ್ಪಾಣಿಯಿಂದ ಚೀಲ ಹೊತ್ತು ಮೆಕ್ಯಾನಿಕ್ ಬಂದ!

"ಫ್ರಿಜ್ ಎಲ್ಲೈತ್ರಿ ಕಾಕಾ?"

"ನಮ್ಮನ್ಯಾಗ ಫ್ರಿಜ್ ಇಲ್ಲಪಾ. ಕೆಟ್ಟಿದ್ದು ನಿಮ್ಮ ವೆಬ್‌ಸೈಟ್."

ಅವನು ಸ್ಕ್ರೂಡ್ರೈವರ್ ಹಿಡಿದು ಗೋಡೆಗಳನ್ನೆಲ್ಲ ನೋಡಿದ. "ಅದನ್ನ ಬಿಚ್ಚಾಕ ನನಗ ಬರಂಗಿಲ್ರಿ."

ಮನೆಗೆ ಬಂದವನನ್ನು ಹಾಗೇ ಕಳಿಸಲಾದೀತೆ? ಜೋಳದ ರೊಟ್ಟಿ, ಝುಣಕ ಉಂಡು, ರಿಪೇರಿ ಮುಗಿಯಿತೆಂಬ ಕಾಗದ ಚಾಚಿ ಸಹಿ ಕೇಳಿದ. ಮಾಮಾ ಅದರಲ್ಲಿದ್ದ ತಪ್ಪುಗಳನ್ನೂ ತಿದ್ದಿ, ಸಹಿ ಮಾಡದೆ ವಾಪಸು ಕೊಟ್ಟರು.

ಆ ಬೇಸಿಗೆಯಲ್ಲಿ ಮಾಮಿಯ ಸಕ್ಕರೆ ಕಾಯಿಲೆ ವಿಪರೀತ ಏರಿತು. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟು, "ತಂಪಿನ್ಯಾಗ ಇಡಬೇಕ್ರಿ, ಇಲ್ಲಂದ್ರ ಕೆಡತೈತಿ" ಎಂದರು. ಮಾಮಾ ಅವತ್ತೇ ನಿಪ್ಪಾಣಿಗೆ ಹೋಗಿ ಟೆಂಪೋದಲ್ಲಿ ಫ್ರಿಜ್ ಹೇರಿಕೊಂಡು ಬಂದರು. ಅದೇ ಕಂಪನಿಯದು!

"ಅವರು ತಪ್ಪು ತಿದ್ದ್ಯಾರೇನ್ರಿ ಮಾಮಾ?" ಎಂದೆ.

"ನೋಡಿಲ್ಲ. ಅಂಗಡ್ಯಾಗ ಇವತ್ತ ಸಿಗೂದು ಅದೊಂದ ಇತ್ತು."

ಔಷಧಿ ಒಳಗಿಟ್ಟ ಮೇಲೂ ಅವರಿಗೆ ಸಮಾಧಾನವಿಲ್ಲ. ಮತ್ತೆ ಮತ್ತೆ ಬಾಗಿಲು ತೆಗೆಯುವುದು, ತಣ್ಣಗಿದೆಯೇ ಎಂದು ಒಳಗೆ ಕೈಯಿಟ್ಟು ನೋಡುವುದು. ಮಾಮಾ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಮಿ ಗದರಿದರು: "ಹಂಗ ತೆರಕೊಂಡ ನಿಂತ್ರ ತಂಪ ಹೋಗ್ತೈತ್ರಿ!"

"ತಂಪ ಹೋದ್ರ ಮತ್ತ ಬರತೈತಿ," ಎಂದರು ಮಾಮಾ, ತಿರುಗಿ ನೋಡದೆ. "ನೀ ಹೋದ್ರ?"